ಈಜುಕೊಳದ ಘಾಟು, ಕೆಂಪು ಕಣ್ಣು, ಹಸಿರು ನೀರು: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈಯ ಮುಲುಂಡ್‌ನ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಈಜುಕೊಳದ ಉಸ್ತುವಾರಿ ನನ್ನ ತಲೆಗೆ ಬಿದ್ದಿದೆ. ನೀರು ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ ಅನ್ನುವುದೇ ಅದಕ್ಕೆ ಕಾರಣ. ಇಲ್ಲಿ ಕನ್ನಡದ ಮನೆಗಳು ಬಹಳ. ಕುಂದಾಪುರ ಕಡೆಯ ಹೋಟೆಲಿನವರು, ಧಾರವಾಡದಿಂದ ವರ್ಗವಾಗಿ ಬಂದ ಬ್ಯಾಂಕಿನವರು, ಮೈಸೂರಿನ ಐಟಿ ಹುಡುಗರು. ಏಪ್ರಿಲ್‌ನಲ್ಲಿ ಮಕ್ಕಳಿಗೆ ರಜೆ ಸಿಕ್ಕಿತೆಂದರೆ ಕೊಳವೂ ತುಂಬುತ್ತದೆ, ನನ್ನ ವಾಟ್ಸಾಪ್ಪೂ ತುಂಬುತ್ತದೆ. ಕೇಳುವುದೆಲ್ಲ ಸುಮಾರು ಅವೇ ಪ್ರಶ್ನೆಗಳು. ಪುಣೆ, ಗೋವಾದ ನೆಂಟರು ಫೋನ್ ಮಾಡಿ ಕೇಳಿದ್ದನ್ನೂ ಸೇರಿಸಿ ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ.

ಕೊಳದ ಹತ್ತಿರ ಹೋದರೇ ಮೂಗಿಗೆ ಬಡಿಯುವ ಕ್ಲೋರಿನ್ ಘಾಟು. ಜಾಸ್ತಿ ಸುರಿದಿದ್ದೀರಾ?

ಇಲ್ಲ. ಹೆಚ್ಚಿನ ಸಲ ವಿಷಯ ಉಲ್ಟಾ. ಕೆಲಸಕ್ಕೆ ಬರುವ ಕ್ಲೋರಿನ್ ಕಡಿಮೆಯಾದಾಗಲೇ ಆ ಘಾಟು ಏಳುವುದು.

ನೀರಿಗೆ ಹಾಕಿದ ಕ್ಲೋರಿನ್ ಸುಮ್ಮನೆ ಕೂರುವುದಿಲ್ಲ. ರೋಗಾಣುಗಳನ್ನು ಕೊಲ್ಲುತ್ತದೆ. ಜೊತೆಗೆ ನಮ್ಮ ಬೆವರು ಮತ್ತು ಮೂತ್ರದಲ್ಲಿರುವ ಯೂರಿಯಾ, ಅಮೋನಿಯಾಗಳ ಜೊತೆ ಸೇರಿ ಕ್ಲೋರಮೈನ್ ಎಂಬ ಇನ್ನೊಂದು ವಸ್ತುವಾಗುತ್ತದೆ. ನಾವು ‘ಕ್ಲೋರಿನ್ ವಾಸನೆ’ ಅನ್ನುವುದು ಈ ಕ್ಲೋರಮೈನ್ ವಾಸನೆಯನ್ನು. ಇದಕ್ಕೆ ರೋಗಾಣು ಕೊಲ್ಲುವ ಶಕ್ತಿ ತೀರಾ ಕಡಿಮೆ. ಕಣ್ಣು, ಮೂಗು, ಗಂಟಲನ್ನು ಉರಿಸುವುದರಲ್ಲಿ ಮಾತ್ರ ಜೋರು. ಯಾವುದರ ಜೊತೆಗೂ ಸೇರದೆ ಉಳಿದದ್ದು ಮುಕ್ತ ಕ್ಲೋರಿನ್. ನಮ್ಮನ್ನು ಕಾಯುವುದು ಅದು. ಅದು ಸರಿಯಾಗಿರುವ ಕೊಳದ ದಂಡೆಯಲ್ಲಿ ನಿಂತರೆ ವಾಸನೆ ಬರುವುದು ತೀರಾ ಕಡಿಮೆ.

ಇದು ಗೊತ್ತಿಲ್ಲದೆ ಹೋದರೆ ಏನಾಗುತ್ತದೆ ನೋಡಿ. ಒಂದು ಬೇಸಿಗೆಯಲ್ಲಿ ನಮ್ಮಲ್ಲಿ ಘಾಟು ಜೋರಾಯಿತು. ಸೊಸೈಟಿ ಮೀಟಿಂಗ್‌ನಲ್ಲಿ ಗಲಾಟೆಯಾಯಿತು. ಆಗಿದ್ದ ಗುತ್ತಿಗೆದಾರ ಜನರ ಬಾಯಿ ಮುಚ್ಚಿಸಲು ಡೋಸ್ ಕಡಿಮೆ ಮಾಡಿದ. ಘಾಟು ಇನ್ನೂ ಹೆಚ್ಚಾಯಿತು, ನೀರು ಮಬ್ಬಾಯಿತು. ಕೊನೆಗೆ ಕೊಳ ಮುಚ್ಚಿ, ಕ್ಲೋರಿನ್ ಒಮ್ಮೆಲೇ ಏರಿಸಬೇಕಾಯಿತು. ಸಾಮಾನ್ಯ ಲೆಕ್ಕ ಹೀಗಿದೆ: ಕ್ಲೋರಮೈನ್ ರೂಪದಲ್ಲಿ ಎಷ್ಟಿದೆಯೋ ಅದರ ಸುಮಾರು 10 ಪಟ್ಟು ಕ್ಲೋರಿನ್ ಕೊಟ್ಟರೆ ಅದು ಒಡೆದು ಹೋಗುತ್ತದೆ. ವಾಸನೆ ಬರುತ್ತಿದೆ ಎಂದು ಕ್ಲೋರಿನ್ ಹೆಚ್ಚಿಸುವುದು ಕೇಳಲು ವಿಚಿತ್ರ. ಆದರೆ ಮದ್ದು ಅದೇ.

ಪುಣೆಯ ಕಡೆ ಜಿಮ್ ಒಳಗಿನ ಮುಚ್ಚಿದ ಕೊಳಗಳಿಗೆ ಹೋಗುವವರು ಇನ್ನೂ ಸ್ವಲ್ಪ ಹುಷಾರಾಗಿರಿ. ಅಲ್ಲಿ ಈ ಅನಿಲ ನೀರಿನ ಮೇಲೆಯೇ ನಿಂತಿರುತ್ತದೆ. ಗಾಳಿ ಆಡದಿದ್ದರೆ ಕೆಮ್ಮು ಬರುತ್ತದೆ, ಅಸ್ತಮಾ ಇದ್ದವರಿಗೆ ಉಸಿರು ಕಟ್ಟುತ್ತದೆ. ಎಕ್ಸಾಸ್ಟ್ ಫ್ಯಾನ್ ತಿರುಗುತ್ತಿದೆಯಾ ನೋಡಿ.

ಮಗನ ಕಣ್ಣು ಕೆಂಪಾಗಿದೆ. ಕ್ಲೋರಿನ್ ಅಲರ್ಜಿಯಾ?

ಸಾಮಾನ್ಯವಾಗಿ ಅಲರ್ಜಿ ಅಲ್ಲ. ಮತ್ತೆ ಅದೇ ಕ್ಲೋರಮೈನ್, ಇಲ್ಲವೇ ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ) ಏರುಪೇರು. ಈಜುವ ಕನ್ನಡಕ ಕೊಡಿಸಿ. ಕೊಳದಿಂದ ಬಂದ ಮೇಲೆ ಕಣ್ಣಿಗೆ ಒಳ್ಳೆಯ ನೀರು ಹಾಕಿ. ಮರುದಿನವೂ ಕೆಂಪಗಿದ್ದರೆ ಅಥವಾ ಪಿಸರು ಬರುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಇಳಿಯಲೇಬೇಡಿ.

ನೀರಲ್ಲಿ ಮೂತ್ರ ಮಾಡಿದರೆ ಸುತ್ತ ನೀಲಿ ಬಣ್ಣ ಬರುವ ಕೆಮಿಕಲ್ ಹಾಕಿರುತ್ತಾರಂತೆ, ಹೌದಾ?

ಅಂಥದ್ದು ಯಾವುದೂ ಇಲ್ಲ. ಮಕ್ಕಳನ್ನು ಹೆದರಿಸಲು ದೊಡ್ಡವರು ಹೇಳುವ ಸುಳ್ಳು. ಉಪಯೋಗದ ಸುಳ್ಳು ಅನ್ನೋಣ.

‘ಕ್ಲೋರಿನ್ ಇದೆಯಲ್ಲ, ಮೂತ್ರ ಮಾಡಿದರೆ ಏನಾಗುತ್ತದೆ’ ಎಂಬುದು ಇದಕ್ಕಿಂತ ದೊಡ್ಡ ಸುಳ್ಳು. ಮೈಕೆಲ್ ಫೆಲ್ಪ್ಸ್‌ನಂಥ ಈಜುಗಾರನೇ 2012ರಲ್ಲಿ, ಎಲ್ಲರೂ ಮಾಡುತ್ತಾರೆ, ಕ್ಲೋರಿನ್ ಅದನ್ನು ಕೊಲ್ಲುತ್ತದೆ ಎಂಬ ಅರ್ಥದಲ್ಲಿ ಮಾತಾಡಿದ್ದ. ಪದಕದ ವಿಷಯದಲ್ಲಿ ಅವನ ಮಾತು ಕೇಳೋಣ, ಕೆಮಿಸ್ಟ್ರಿಯಲ್ಲಿ ಬೇಡ. ಮೂತ್ರದಲ್ಲಿ ಕೊಲ್ಲಬೇಕಾದದ್ದು ಹೆಚ್ಚೇನೂ ಇಲ್ಲ. ಅದು ಕ್ಲೋರಿನ್ನನ್ನೇ ತಿಂದು ಹಾಕಿ ಕ್ಲೋರಮೈನ್ ಮಾಡುತ್ತದೆ, ಅಷ್ಟೇ.

ಎಷ್ಟು ಮೂತ್ರ ಅನ್ನುವುದಕ್ಕೂ ಲೆಕ್ಕ ಸಿಕ್ಕಿದೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2017ರಲ್ಲಿ ಒಂದು ಜಾಣತನದ ಕೆಲಸ ಮಾಡಿದರು. ಕೂಲ್ ಡ್ರಿಂಕ್ಸ್‌ನಲ್ಲಿ ಹಾಕುವ ಅಸಿಸಲ್ಫೇಮ್ ಎಂಬ ಕೃತಕ ಸಿಹಿ ನಮ್ಮ ಹೊಟ್ಟೆಯಲ್ಲಿ ಕರಗದೆ ಹಾಗೆಯೇ ಮೂತ್ರದಲ್ಲಿ ಹೊರಗೆ ಬರುತ್ತದೆ. ಕೊಳದ ನೀರಲ್ಲಿ ಆ ಸಿಹಿ ಎಷ್ಟಿದೆ ಎಂದು ಅಳೆದರು. 8,30,000 ಲೀಟರಿನ ಒಂದು ಕೊಳದಲ್ಲಿ ಸುಮಾರು 75 ಲೀಟರ್ ಮೂತ್ರ ಇತ್ತು. ನಮ್ಮ ಕೊಳ 1,26,000 ಲೀಟರಿನದ್ದು. ಅದೇ ಲೆಕ್ಕ ಹಿಡಿದರೆ 11 ಲೀಟರ್ ಆಗುತ್ತದೆ. ಇದನ್ನು ನೋಟೀಸ್ ಬೋರ್ಡಿನಲ್ಲಿ ಹಾಕೋಣ ಅಂದೆ. ಸೆಕ್ರೆಟರಿ ಒಪ್ಪಲಿಲ್ಲ.

ಬೆಳಿಗ್ಗೆ ಸ್ನಾನ ಮಾಡಿದ್ದೇನೆ. ಕೊಳಕ್ಕೆ ಇಳಿಯುವ ಮುಂಚೆ ಮತ್ತೆ ಯಾಕೆ ಶವರ್?

ಬೆಳಿಗ್ಗೆ ಏಳಕ್ಕೆ ಸ್ನಾನ, ಸಂಜೆ ಆರಕ್ಕೆ ಕೊಳ. ನಡುವೆ ಮುಂಬೈಯ ಸೆಕೆ, ಲೋಕಲ್ ರೈಲು, ಬೆವರು. ಡಿಯೋಡರೆಂಟ್, ಸನ್‌ಸ್ಕ್ರೀನ್, ಪೌಡರ್ ಬೇರೆ. ಇಷ್ಟನ್ನೂ ನೀರಿಗೆ ಇಳಿಸಿದರೆ ಕ್ಲೋರಿನ್ ಮೊದಲು ಅದರ ಮೇಲೆಯೇ ಖರ್ಚಾಗುತ್ತದೆ. ಒಂದು ನಿಮಿಷ ಶವರ್ ಕೆಳಗೆ ನಿಂತರೆ ಮೈ ಮೇಲಿನ ಕೊಳೆಯ ಬಹುಪಾಲು ಹೋಗುತ್ತದೆ. ತಲೆಗೆ ಎರಡು ಹನಿ ಚಿಮುಕಿಸಿ ಓಡಿಬರುವುದು ಶವರ್ ಅಲ್ಲ.

ನಿಮಗೂ ಲಾಭ ಇದೆ. ಒಳ್ಳೆಯ ನೀರಿನಲ್ಲಿ ಮೊದಲೇ ನೆನೆದ ಕೂದಲು ಕೊಳದ ನೀರನ್ನು ಕಡಿಮೆ ಹೀರುತ್ತದೆ.

ಮೈಗೆ, ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಇಳಿದರೆ ಕ್ಲೋರಿನ್ ತಾಗುವುದಿಲ್ಲ ಅಂತ ಅಜ್ಜಿ ಹೇಳುತ್ತಾರೆ.

ಅಜ್ಜಿ ಹೇಳಿದ್ದು ಊರ ಕೆರೆಗೆ, ಹೊಳೆಗೆ ಸರಿ. ಅಲ್ಲಿ ನೀರು ಹರಿಯುತ್ತದೆ, ಇಲ್ಲವೇ ಬೇಕಾದಷ್ಟಿರುತ್ತದೆ. ಇಲ್ಲಿ ಅದೇ ನೀರು ಪಂಪಿನಿಂದ ಫಿಲ್ಟರಿಗೆ, ಫಿಲ್ಟರಿನಿಂದ ಕೊಳಕ್ಕೆ ಸುತ್ತು ಹೊಡೆಯುತ್ತದೆ. ಕೊಳದ ಅಂಚಿನ ಟೈಲ್ಸ್ ಮೇಲೆ, ನೀರಿನ ಮಟ್ಟಕ್ಕೆ ಸರಿಯಾಗಿ ಒಂದು ಕಂದು ಗೆರೆ ಇರುತ್ತದಲ್ಲ, ಅದನ್ನು ಬೆರಳಿನಿಂದ ಉಜ್ಜಿ ನೋಡಿ. ಜಿಡ್ಡು. ಉಗುರಿನ ಸಂದಿಗೆ ಅಂಟಿಕೊಳ್ಳುತ್ತದೆ. ಎಣ್ಣೆ, ಸನ್‌ಸ್ಕ್ರೀನ್, ಚರ್ಮದ ಹೊಟ್ಟು, ಧೂಳು ಎಲ್ಲ ಸೇರಿ ಆದದ್ದು. ಉಳಿದ ಎಣ್ಣೆ ಸ್ಯಾಂಡ್ ಫಿಲ್ಟರಿನ ಮರಳಿಗೆ ಹೋಗಿ ಮರಳನ್ನು ಮುದ್ದೆ ಮಾಡುತ್ತದೆ. ಆಮೇಲೆ ಎಷ್ಟು ಬ್ಯಾಕ್‌ವಾಶ್ (ನೀರನ್ನು ಉಲ್ಟಾ ಹಾಯಿಸಿ ಫಿಲ್ಟರ್ ತೊಳೆಯುವುದು) ಮಾಡಿದರೂ ನೀರು ಸರಿಯಾಗಿ ಸೋಸುವುದಿಲ್ಲ.

ಎಣ್ಣೆ ಬೇಕೇ ಬೇಕು ಅನ್ನುವವರು ತಲೆಗೆ ಎರಡು ಹನಿ ಹಾಕಿ ಟೋಪಿ ಹಾಕಿಕೊಳ್ಳಿ. ಮೈಗೆ ಹಚ್ಚುವುದನ್ನು ಈಜಿ ಬಂದ ಮೇಲೆ, ಸ್ನಾನ ಆದ ಮೇಲೆ ಇಟ್ಟುಕೊಳ್ಳಿ. ಚರ್ಮಕ್ಕೆ ನಿಜವಾಗಿ ಬೇಕಾಗುವುದು ಆಗಲೇ.

ಹಾಗೆಯೇ ಬನಿಯನ್, ಬರ್ಮುಡಾ, ಹತ್ತಿಯ ಟೀ ಶರ್ಟ್ ಕೂಡ ಬೇಡ. ಬಟ್ಟೆಯಲ್ಲಿ ಉಳಿದ ಸೋಪು, ಬಣ್ಣ, ನೂಲಿನ ಎಳೆ ಎಲ್ಲ ನೀರಿಗೆ ಬಿಡುತ್ತದೆ. ಮೈ ಮುಚ್ಚಬೇಕು ಅನ್ನುವ ಹೆಂಗಸರಿಗೆ ಪೂರ್ತಿ ತೋಳಿನ, ಪಾದದ ತನಕ ಬರುವ ಈಜುಡುಗೆ ಸಿಗುತ್ತದೆ. ಅದನ್ನು ಬೇಡ ಅನ್ನುವ ಸೊಸೈಟಿಗಳ ಬಗ್ಗೆ ನನಗೆ ಸಿಟ್ಟಿದೆ. ಶುಚಿತ್ವದ ಪ್ರಶ್ನೆ ಇರುವುದು ಬಟ್ಟೆ ಯಾವುದರದ್ದು ಅನ್ನುವುದರಲ್ಲಿ, ಎಷ್ಟು ಉದ್ದ ಅನ್ನುವುದರಲ್ಲಿ ಅಲ್ಲ.

ನೀರು ತಿಳಿಯಾಗಿದೆ, ತಳದ ಟೈಲ್ಸ್ ಕಾಣುತ್ತಿದೆ. ಹಾಗಾದರೆ ಶುದ್ಧ ಅಲ್ವಾ?

ತಿಳಿಯಾಗಿರಲೇಬೇಕು, ಮುಳುಗಿದವರು ಕಾಣಬೇಕಲ್ಲ. ಆದರೆ ತಿಳಿಯಾಗಿದ್ದ ಮಾತ್ರಕ್ಕೆ ಶುದ್ಧ ಅಲ್ಲ. ಪಟಿಕ ಹಾಕಿ ರಾತ್ರಿ ಬಿಟ್ಟರೆ ಕೆಸರು ತಳಕ್ಕೆ ಇಳಿಯುತ್ತದೆ. ಬೆಳಿಗ್ಗೆ ವ್ಯಾಕ್ಯೂಮ್ ಹೊಡೆದರೆ ನೀರು ಹೊಳೆಯುತ್ತದೆ. ರೋಗಾಣು ಕಣ್ಣಿಗೆ ಕಾಣುವುದಿಲ್ಲ.

ಕ್ಲೋರಿನ್ ಇದ್ದರೆ ಎಲ್ಲಾ ಕ್ರಿಮಿಯೂ ತಕ್ಷಣ ಸಾಯುತ್ತದೆ, ಅಲ್ವಾ?

ಎಲ್ಲವೂ ಅಲ್ಲ, ತಕ್ಷಣವೂ ಅಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಕೊಡುವ ಲೆಕ್ಕ ನೋಡಿ. ಮುಕ್ತ ಕ್ಲೋರಿನ್ 1 ಪಿಪಿಎಂ, ಅಂದರೆ ಲೀಟರಿಗೆ 1 ಮಿಲಿಗ್ರಾಂ, ಪಿಎಚ್ 7.5, ನೀರು 25 ಡಿಗ್ರಿ. ಆಗ ಇ.ಕೋಲಿ ಒಂದು ನಿಮಿಷದೊಳಗೆ ಸಾಯುತ್ತದೆ. ಹೆಪಟೈಟಿಸ್ ಎ ವೈರಸ್‌ಗೆ ಸುಮಾರು 16 ನಿಮಿಷ ಬೇಕು. ಜಿಯಾರ್ಡಿಯಾಗೆ 45 ನಿಮಿಷ. ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿಗೆ 15,300 ನಿಮಿಷ, ಅಂದರೆ ಹತ್ತು ದಿನಕ್ಕಿಂತ ಜಾಸ್ತಿ. ಇದು ಭೇದಿ ತರುತ್ತದೆ. ನೀರು ಒಂದು ಗುಟುಕು ಬಾಯಿಗೆ ಹೋದರೂ ಸಾಕು.

ಹಾಗಾಗಿ ಭೇದಿ ಆಗುತ್ತಿರುವವರು ಕೊಳಕ್ಕೆ ಬರಲೇಬಾರದು. ದುಡ್ಡು ಕಟ್ಟಿದ್ದೇವೆ, ಮಗುವಿನ ಕ್ಲಾಸ್ ತಪ್ಪುತ್ತದೆ ಅನ್ನುವ ಮಾತು ಬೇಡ. ಕ್ರಿಪ್ಟೋ ಅಂತ ಡಾಕ್ಟರ್ ಹೇಳಿದ್ದರೆ ಭೇದಿ ನಿಂತ ಮೇಲೂ ಎರಡು ವಾರ ದೂರ ಇರಬೇಕು.

ಮಗು ಕೊಳದಲ್ಲೇ ಕಕ್ಕ ಮಾಡಿಬಿಟ್ಟಿತು. ಪೂರ್ತಿ ನೀರು ಖಾಲಿ ಮಾಡಬೇಕಾ?

ಬೇಡ. ಆದರೆ ಮುಚ್ಚಿಡಲೂ ಬೇಡಿ, ಕೂಡಲೇ ಲೈಫ್‌ಗಾರ್ಡಿಗೆ ಹೇಳಿ. ನಾಚಿಕೆಗೆ ಸುಮ್ಮನೆ ಎದ್ದು ಹೋಗುವವರಿಂದಲೇ ತೊಂದರೆ.

ಗಟ್ಟಿಯಾಗಿದ್ದರೆ ಕೆಲಸ ಸುಲಭ. ಎಲ್ಲರನ್ನೂ ಮೇಲೆ ಕಳಿಸಿ, ಬಲೆಯಿಂದ ತೆಗೆದು, ಪಿಎಚ್ 7.5 ಮೀರದಂತೆ ನೋಡಿ, ಮುಕ್ತ ಕ್ಲೋರಿನ್ 2 ಪಿಪಿಎಂಗೆ ಏರಿಸಿ ಸುಮಾರು ಅರ್ಧ ಗಂಟೆ ಬಿಟ್ಟರೆ ಆಯಿತು. ನೀರಾಗಿ ಹೋಗಿದ್ದರೆ ವಿಷಯ ಗಂಭೀರ, ಕ್ರಿಪ್ಟೋ ಇರಬಹುದು. ಆಗ 20 ಪಿಪಿಎಂಗೆ ಏರಿಸಿ ಸುಮಾರು 13 ಗಂಟೆ ಹಿಡಿದಿಡಬೇಕು. ನೀರಿನಲ್ಲಿ ಸ್ಟೆಬಿಲೈಸರ್ (ಬಿಸಿಲಿಗೆ ಕ್ಲೋರಿನ್ ಒಡೆಯದಂತೆ ಕಾಯುವ ವಸ್ತು) ಇದ್ದರೆ ಇನ್ನೂ ಹೆಚ್ಚು ಹೊತ್ತು. ಆ ದಿನ ಕೊಳ ಬಂದ್.

ಸ್ವಿಮ್ ಡೈಪರ್ ಹಾಕಿದ್ದೇವೆ ಎಂದು ನಿಶ್ಚಿಂತೆ ಬೇಡ. ಗಟ್ಟಿಯನ್ನು ಒಂದಷ್ಟು ಹೊತ್ತು ತಡೆಯುತ್ತದೆ, ಭೇದಿಯನ್ನು ತಡೆಯುವುದಿಲ್ಲ. ಗಂಟೆಗೊಮ್ಮೆ ನೋಡಿ. ಬದಲಿಸುವುದು ಬಾತ್‌ರೂಮಿನಲ್ಲಿ, ಕೊಳದ ಪಕ್ಕದ ಕುರ್ಚಿ ಮೇಲಲ್ಲ.

ದಿನಾ ಟೆಸ್ಟ್ ಮಾಡುತ್ತಾರೆ, ಬಣ್ಣ ಹಳದಿ ಬರುತ್ತದೆ. ಸಾಕಲ್ಲ?

ಸಾಲದು. ಪಂಪ್ ರೂಮಿನಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ಅದರಲ್ಲಿ ಎರಡು ಕೊಳವೆ. ಒಂದಕ್ಕೆ ಕೊಳದ ನೀರು ತುಂಬಿ ಹನಿ ಹಾಕಿದರೆ ಹಳದಿ, ಇನ್ನೊಂದಕ್ಕೆ ಬೇರೆ ಹನಿ ಹಾಕಿದರೆ ಕೆಂಪು. ಹಳದಿ ಕ್ಲೋರಿನ್, ಕೆಂಪು ಪಿಎಚ್. ಹುಡುಗ ಅದನ್ನು ಬೆಳಕಿಗೆ ಹಿಡಿದು ಪಕ್ಕದ ಬಣ್ಣದ ಪಟ್ಟಿಗೆ ಹೋಲಿಸಿ, ‘ಓಕೆ ಹೈ’ ಅಂದು ರಿಜಿಸ್ಟರಿನಲ್ಲಿ ಬರೆಯುತ್ತಾನೆ. ಅವನ ತಪ್ಪೇನೂ ಇಲ್ಲ, ಕಿಟ್ಟೇ ಹಾಗೆ. ಆ ಹಳದಿ ಒಟ್ಟು ಕ್ಲೋರಿನ್ ತೋರಿಸುತ್ತದೆ. ಮುಕ್ತವಾಗಿದ್ದದ್ದು, ಕ್ಲೋರಮೈನ್ ಆಗಿ ಹೋದದ್ದು ಎರಡೂ ಸೇರಿ. ಕೊಳದ ತುಂಬ ಕ್ಲೋರಮೈನೇ ಇದ್ದರೂ ಹಳದಿ ಚೆನ್ನಾಗಿ ಬರುತ್ತದೆ!

ಬೇಕಾದದ್ದು ಡಿಪಿಡಿ ಕಿಟ್. ಅದರಲ್ಲಿ ಬಣ್ಣ ಗುಲಾಬಿ. ಒಂದನೇ ನಂಬರಿನ ಮಾತ್ರೆ ಹಾಕಿದರೆ ಮುಕ್ತ ಕ್ಲೋರಿನ್ ಎಷ್ಟು ಅಂತ ಬೇರೆಯಾಗಿ ಗೊತ್ತಾಗುತ್ತದೆ. ಮೂರನೇ ನಂಬರಿನದ್ದು ಸೇರಿಸಿದರೆ ಒಟ್ಟು. ಎರಡರ ವ್ಯತ್ಯಾಸ ಕ್ಲೋರಮೈನ್. ಒಂದು ಕಿವಿಮಾತು: ಕ್ಲೋರಿನ್ ವಿಪರೀತ ಇದ್ದರೆ ಗುಲಾಬಿ ಬಣ್ಣ ಬಂದ ಹಾಗೇ ಬಿಳಿಚಿ ಮಾಯವಾಗುತ್ತದೆ. ಅದನ್ನು ನೋಡಿ ಕ್ಲೋರಿನ್ನೇ ಇಲ್ಲ ಎಂದು ಇನ್ನಷ್ಟು ಸುರಿಯುವವರಿದ್ದಾರೆ. ಅನುಮಾನ ಬಂದರೆ ಅರ್ಧ ಒಳ್ಳೆಯ ನೀರು ಬೆರೆಸಿ ಮತ್ತೆ ಪರೀಕ್ಷೆ ಮಾಡಿ.

ಪಿಎಚ್ ಅಂದರೆ ಕಣ್ಣುರಿಯ ವಿಷಯ ತಾನೇ?

ಅದಕ್ಕಿಂತ ದೊಡ್ಡ ವಿಷಯ. ಮುಕ್ತ ಕ್ಲೋರಿನ್ ನೀರಿನಲ್ಲಿ ಎರಡು ರೂಪದಲ್ಲಿ ಇರುತ್ತದೆ. ಹೈಪೋಕ್ಲೋರಸ್ ಆಮ್ಲ ಜೋರಾಗಿ ಕೊಲ್ಲುತ್ತದೆ, ಹೈಪೋಕ್ಲೋರೈಟ್ ನಿಧಾನ. ಪಿಎಚ್ 7.5ರಲ್ಲಿ ಎರಡೂ ಹೆಚ್ಚುಕಡಿಮೆ ಅರ್ಧರ್ಧ. ಪಿಎಚ್ 8ಕ್ಕೆ ಹೋದರೆ ಜೋರಿನದ್ದು ಕಾಲು ಭಾಗಕ್ಕೆ ಇಳಿಯುತ್ತದೆ. ಹಾಕಿದ ದುಡ್ಡು ಅಷ್ಟೇ, ಕೆಲಸ ಅರ್ಧ. 7.2ರಿಂದ 7.8ರ ಒಳಗೆ ಇರಲಿ. ನಾನು 7.4ರ ಆಸುಪಾಸು ಇಡಿಸುತ್ತೇನೆ.

ದ್ರವ ರೂಪದ ಹೈಪೋ (ಸೋಡಿಯಂ ಹೈಪೋಕ್ಲೋರೈಟ್), ಬ್ಲೀಚಿಂಗ್ ಪೌಡರ್ ಎರಡೂ ಪಿಎಚ್ಚನ್ನು ಮೇಲೆ ಎಳೆಯುತ್ತವೆ. ಅದಕ್ಕೇ ಆಗಾಗ ಆಸಿಡ್ ಹಾಕಬೇಕಾಗುವುದು.

ಮಾತ್ರೆ ಹಾಕುವ ಕೊಳ ಮೈಗೆ ಒಳ್ಳೆಯದಂತೆ, ಹೈಪೋ ಕೆಟ್ಟದ್ದಂತೆ?

ನೀರಿಗೆ ಬಿದ್ದ ಮೇಲೆ ಎರಡೂ ಕೊಡುವುದು ಅದೇ ಕ್ಲೋರಿನ್. ವ್ಯತ್ಯಾಸ ಇರುವುದು ಜೊತೆಗೆ ಬರುವ ವಸ್ತುವಿನಲ್ಲಿ. ನಮ್ಮ ಕಡೆ ಟಿಸಿಸಿಎ 90 ಎಂದು ಮಾರುವ ಮಾತ್ರೆ ಮತ್ತು ಪುಡಿಯಲ್ಲಿ ಸಯನ್ಯೂರಿಕ್ ಆಮ್ಲ ಇರುತ್ತದೆ. ಸ್ಟೆಬಿಲೈಸರ್ ಅಂದರೆ ಇದೇ. ಬಿಸಿಲಿನ ಅಲ್ಟ್ರಾವಯಲೆಟ್ ಕಿರಣ ಕ್ಲೋರಿನ್ನನ್ನು ಒಡೆಯುತ್ತದೆ. ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ತೆರೆದ ಕೊಳದಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೆರಡು ಗಂಟೆಯಲ್ಲಿ ಹೋಗಿಬಿಡುತ್ತದೆ. ಸ್ಟೆಬಿಲೈಸರ್ ಅದಕ್ಕೆ ಕೊಡೆ ಹಿಡಿಯುತ್ತದೆ. ಸ್ವಲ್ಪ ಇದ್ದರೆ ಒಳ್ಳೆಯದೇ.

ತೊಂದರೆ ಏನೆಂದರೆ, ಕ್ಲೋರಿನ್ ಖರ್ಚಾಗಿ ಹೋಗುತ್ತದೆ, ಸ್ಟೆಬಿಲೈಸರ್ ಅಲ್ಲೇ ಉಳಿಯುತ್ತದೆ. ಟಿಸಿಸಿಎಯಿಂದ 10 ಪಿಪಿಎಂ ಕ್ಲೋರಿನ್ ಹಾಕಿದಾಗಲೆಲ್ಲ ಸುಮಾರು 6 ಪಿಪಿಎಂ ಸಯನ್ಯೂರಿಕ್ ಆಮ್ಲ ಸೇರಿಕೊಳ್ಳುತ್ತದೆ. ತಿಂಗಳುಗಟ್ಟಲೆ ಮಾತ್ರೆಯನ್ನೇ ಹಾಕುತ್ತಾ ಹೋದರೆ ಅದು ನೂರು ದಾಟುತ್ತದೆ. ಆಮೇಲೆ ಕಿಟ್‌ನಲ್ಲಿ ಕ್ಲೋರಿನ್ ಕಾಣುತ್ತದೆ, ಆದರೂ ಗೋಡೆಯಲ್ಲಿ ಪಾಚಿ. ಕ್ಲೋರಿನ್ನನ್ನು ಸ್ಟೆಬಿಲೈಸರ್ ಬಿಡದೆ ಹಿಡಿದುಕೊಂಡಿರುತ್ತದೆ. ಗುತ್ತಿಗೆದಾರ ‘ಹೊಸ ಬ್ಯಾಚ್ ಮಾಲು ಸರಿಯಿಲ್ಲ’ ಅನ್ನುತ್ತಾನೆ, ಇನ್ನೊಂದು ಡಬ್ಬ ತರಿಸುತ್ತಾನೆ.

ಸ್ಟೆಬಿಲೈಸರ್ 30ರಿಂದ 50 ಪಿಪಿಎಂ ಸಾಕು. 90 ಮೀರಬಾರದು. ಸ್ಟೆಬಿಲೈಸರ್ ಇರುವ ಕೊಳದಲ್ಲಿ ಮುಕ್ತ ಕ್ಲೋರಿನ್ ಕನಿಷ್ಠ 2 ಪಿಪಿಎಂ ಇರಬೇಕು, ಇಲ್ಲದಲ್ಲಿ 1. ಹೆಚ್ಚಾದ ಸ್ಟೆಬಿಲೈಸರ್ ತೆಗೆಯಲು ಸುಲಭದ ದಾರಿ ಒಂದೇ: ಒಂದಷ್ಟು ನೀರು ಹೊರಗೆ ಬಿಟ್ಟು ಹೊಸ ನೀರು ತುಂಬುವುದು. ನಮ್ಮಲ್ಲಿ ಈಗ ದಿನದ ಡೋಸ್ ಹೈಪೋದಿಂದ, ಬೇಸಿಗೆಯಲ್ಲಿ ಮಾತ್ರ ಆಗೊಮ್ಮೆ ಈಗೊಮ್ಮೆ ಟಿಸಿಸಿಎ. ಹೈಪೋ ಕ್ಯಾನ್ ಬಿಸಿಲಲ್ಲಿ ಇಡಬೇಡಿ, ಹಳೆಯ ಸ್ಟಾಕ್ ಕೊಳ್ಳಬೇಡಿ. ಇಟ್ಟಲ್ಲೇ ಶಕ್ತಿ ಕಳೆದುಕೊಳ್ಳುತ್ತದೆ.

ಮುಚ್ಚಿದ ಕೊಳಕ್ಕೆ ಬಿಸಿಲೇ ಇಲ್ಲ. ಅಲ್ಲಿ ಸ್ಟೆಬಿಲೈಸರ್ ಬೇಡವೇ ಬೇಡ. ಆದರೂ ಟಿಸಿಸಿಎ ಹಾಕುತ್ತಾರೆ.

ವಾರಕ್ಕೊಮ್ಮೆ ಪೂರ್ತಿ ನೀರು ಬದಲಿಸಿದರೆ ಈ ತಲೆನೋವೇ ಇರುವುದಿಲ್ಲವಲ್ಲ?

ಪುಣೆಯ ವಾಘೋಲಿಯಲ್ಲಿರುವ ಭಾವ ಕೇಳಿದ ಪ್ರಶ್ನೆ. ಅವರಿಗೆ ನಾನು ಲೆಕ್ಕ ಹೇಳಿದೆ. 15 ಮೀಟರ್ ಉದ್ದ, 7 ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳದ ಕೊಳಕ್ಕೆ 1,26,000 ಲೀಟರ್ ನೀರು ಹಿಡಿಯುತ್ತದೆ. 10,000 ಲೀಟರಿನ ಟ್ಯಾಂಕರ್ 13 ಬೇಕು. ಕುಡಿಯಲು ಟ್ಯಾಂಕರ್ ತರಿಸುವ ಊರಿನಲ್ಲಿ ವಾರವಾರ ಇಷ್ಟು ನೀರು ಚರಂಡಿಗೆ ಬಿಡುವುದು ಪಾಪ. ಸರಿಯಾಗಿ ನೋಡಿಕೊಂಡರೆ ಅದೇ ನೀರು ಬಹಳ ಕಾಲ ಬರುತ್ತದೆ. ಬ್ಯಾಕ್‌ವಾಶ್‌ನಲ್ಲಿ ಹೋದದ್ದು, ಆವಿಯಾದದ್ದು, ಹೊರಗೆ ಚೆಲ್ಲಿದ್ದನ್ನು ತುಂಬಿಸುತ್ತಾ ಇದ್ದರೆ ಸಾಕು.

ಹೊಸ ನೀರು ಅಂದರೆ ಒಳ್ಳೆಯ ನೀರು ಅಂತಲೂ ಅಲ್ಲ. ಬೋರ್‌ವೆಲ್ ಟ್ಯಾಂಕರ್ ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ, ತುಂಬಿಸುವಾಗ ತಿಳಿಯಾಗಿದ್ದದ್ದು ಕ್ಲೋರಿನ್ ಹಾಕಿದ ಕೂಡಲೇ ಚಹಾ ಬಣ್ಣಕ್ಕೆ ತಿರುಗುತ್ತದೆ. ಭಾವನ ಸೊಸೈಟಿಯಲ್ಲಿ ಇದೇ ಆಗಿ, ಯಾರೋ ಬೇಕಂತಲೇ ಏನೋ ಸುರಿದಿದ್ದಾರೆ ಎಂದು ಸಿಸಿಟಿವಿ ನೋಡಿದರಂತೆ. ಪಟಿಕ ಹಾಕಿ ಸೋಸಿದರೆ ಹೋಗುತ್ತದೆ.

ನೀರು ಹಸಿರಾದರೆ ಕೆಮಿಕಲ್ ಜಾಸ್ತಿ ಆಗಿದೆ ಅಂತ ಅಲ್ವಾ?

ಕ್ಲೋರಿನ್ ಇಲ್ಲದೆ ಪಾಚಿ ಬಂದಿದೆ ಅಂತ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಡೈವಿಂಗ್ ಕೊಳ ಇಡೀ ಜಗತ್ತಿನ ಟಿವಿ ಮುಂದೆ ಹಸಿರಾಯಿತು. ಯಾರೋ 80 ಲೀಟರ್ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದ್ದರು. ಅದು ಕ್ಲೋರಿನ್ನನ್ನು ನಿಷ್ಕ್ರಿಯ ಮಾಡಿತು, ಪಾಚಿಗೆ ದಾರಿ ಸಿಕ್ಕಿತು. ಅದೂ ಒಂದು ಶುಚಿ ಮಾಡುವ ಕೆಮಿಕಲ್ಲೇ. ಆದರೆ ಎರಡು ಒಳ್ಳೆಯದು ಸೇರಿದರೆ ಇನ್ನೂ ಒಳ್ಳೆಯದು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ನಮ್ಮಲ್ಲಿ ಹಸಿರಾಗುವುದು ಜೂನ್‌ನಲ್ಲಿ. ಮಳೆ ನೀರು ಶುದ್ಧ, ಹಾಗಾಗಿ ಕೊಳಕ್ಕೆ ಒಳ್ಳೆಯದು ಎಂದು ನಂಬುವವರಿದ್ದಾರೆ. ಮುಂಬೈ ಮಳೆ ಕೊಳದ ಕ್ಲೋರಿನ್ನನ್ನು ತೆಳು ಮಾಡುತ್ತದೆ, ಪಿಎಚ್ಚನ್ನು ಸ್ಥಿರವಾಗಿಡುವ ಕ್ಷಾರವನ್ನೂ ತೆಳು ಮಾಡುತ್ತದೆ. ಜೊತೆಗೆ ಧೂಳು, ಎಲೆ, ಗಾರ್ಡನ್ ಮಣ್ಣು. ಜೋರು ಮಳೆ ಬಂದ ದಿನ ನೀರು ಪರೀಕ್ಷೆ ಮಾಡದೆ ಯಾರನ್ನೂ ಬಿಡಬಾರದು. ಸಿಡಿಲು ಇದ್ದರಂತೂ ಕೊಳದ ಕಡೆ ತಲೆ ಹಾಕಬೇಡಿ.

ಶಿವಾಜಿ ಪಾರ್ಕಿನ ಬಿಎಂಸಿ (ಮುಂಬೈ ಮಹಾನಗರ ಪಾಲಿಕೆ) ಕೊಳದಲ್ಲಿ ಮೊಸಳೆ ಸಿಕ್ಕಿತ್ತಂತೆ?

ನಿಜ. 2023ರ ಅಕ್ಟೋಬರ್‌ನಲ್ಲಿ, ಸುಮಾರು ಎರಡು ಅಡಿಯ ಮರಿ. ಅದಕ್ಕೆ ಕ್ಲೋರಿನ್ ಮದ್ದಲ್ಲ.

ಈಜಿ ಈಜಿ ಕೂದಲು ಹಸಿರಾಗುತ್ತದಂತೆ, ಕ್ಲೋರಿನ್‌ನಿಂದ?

ತಾಮ್ರದಿಂದ. ಪಾಚಿ ಕೊಲ್ಲಲು ಕೆಲವರು ಮೈಲುತುತ್ತ ಹಾಕುತ್ತಾರೆ. ಅಡಿಕೆ ತೋಟದವರಿಗೆ ಹೇಳಬೇಕಿಲ್ಲ, ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಬೆರೆಸುವ ಅದೇ ನೀಲಿ ಹರಳು. ತಾಮ್ರ ಕೂದಲಿಗೆ ಅಂಟಿಕೊಂಡು ಹಸಿರು ಛಾಯೆ ಕೊಡುತ್ತದೆ. ಬಿಳಿ ಅಥವಾ ಬಣ್ಣ ತೆಗೆದ ಕೂದಲಿನಲ್ಲಿ ಕಾಣುತ್ತದೆ, ನಮ್ಮ ಕಪ್ಪು ಕೂದಲಿನಲ್ಲಿ ಗೊತ್ತೇ ಆಗುವುದಿಲ್ಲ. ನರೆತ ಕೂದಲಿಗೆ ಬಣ್ಣ ಹಚ್ಚದ ಮಾವಂದಿರು ಟೋಪಿ ಹಾಕಿಕೊಳ್ಳಿ.

ಗೋವಾದಲ್ಲಿ ಉಪ್ಪುನೀರಿನ ಕೊಳ ಇರುವ ಹೋಟೆಲ್. ಕ್ಲೋರಿನ್ ಇಲ್ಲ, ಸಹಜ ಅನ್ನುತ್ತಾರೆ.

ಕ್ಲೋರಿನ್ ಇದೆ. ಉಪ್ಪನ್ನು ವಿದ್ಯುತ್ತಿನಿಂದ ಒಡೆದು ಅಲ್ಲೇ ಕ್ಲೋರಿನ್ ತಯಾರಿಸುವ ಯಂತ್ರ ಅದು. ನೀರಿನ ಉಪ್ಪು ಸುಮಾರು 3,000 ಪಿಪಿಎಂ, ಸಮುದ್ರದ್ದು 35,000. ಕ್ಲೋರಿನ್ ಪ್ರಮಾಣ ಒಂದೇ ಸಮ ಇರುವುದರಿಂದ ನೀರು ಹಿತವಾಗಿರುತ್ತದೆ, ನಿಜ. ಕ್ಲೋರಿನ್ ಇಲ್ಲ ಅನ್ನುವುದು ಮಾರುವವರ ಮಾತು.

ಕೇರಳದ ಮೆದುಳು ತಿನ್ನುವ ಅಮೀಬಾ ನಮ್ಮ ಕೊಳಕ್ಕೂ ಬರಬಹುದಾ? ಇಲಿಜ್ವರ?

2024, 2025ರಲ್ಲಿ ಕೇರಳದ ಸುದ್ದಿ ಬಂದಾಗ ದಿನಕ್ಕೆ ಹತ್ತು ಮಂದಿ ಕೇಳುತ್ತಿದ್ದರು. ನೀಗ್ಲೇರಿಯಾ ಎಂಬ ಆ ಅಮೀಬಾ ಬೆಚ್ಚಗಿನ ಸಿಹಿನೀರಿನಲ್ಲಿ, ಕೆಸರಿನಲ್ಲಿ ಇರುತ್ತದೆ. ಕುಡಿದರೆ ಬರುವುದಿಲ್ಲ, ಮೂಗಿನೊಳಗೆ ನೀರು ಹೋದರೆ ಬರುತ್ತದೆ. ಕ್ಲೋರಿನ್ ಸರಿಯಾಗಿರುವ ಕೊಳದಲ್ಲಿ ಅದು ಬದುಕುವುದಿಲ್ಲ. ಹೆದರಬೇಕಾದದ್ದು ಕ್ಲೋರಿನ್ ಇಲ್ಲದೆ ಬಿಟ್ಟ ಕೊಳ, ಕಲ್ಲು ಕ್ವಾರಿಯ ನಿಂತ ನೀರು. ಫಾರ್ಮ್‌ಹೌಸಿನಲ್ಲಿ ‘ನಮ್ಮದು ಕೆಮಿಕಲ್ ಇಲ್ಲದ ನೀರು’ ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ ನಾನು ಕಾಲೂ ಅದ್ದುವುದಿಲ್ಲ.

ಇಲಿಜ್ವರದ ಕ್ರಿಮಿಯನ್ನೂ ಕ್ಲೋರಿನ್ ಕೊಲ್ಲುತ್ತದೆ. ಅದು ಬರುವುದು ರಸ್ತೆಯ ನೆರೆ ನೀರಿನಿಂದ. 2005ರ ಜುಲೈ 26ರ ಮಹಾಮಳೆಯ ನಂತರ ಮುಂಬೈ ಅದನ್ನು ಕಂಡಿದೆ. ಮಳೆಗಾಲದಲ್ಲಿ ಮೊಣಕಾಲು ನೀರಿನಲ್ಲಿ ನಡೆದು ಬಂದು, ಹಾಗೇ ಕೊಳದ ಅಂಚಿಗೆ ಬರಬೇಡಿ.

ಮುಟ್ಟಾದಾಗ ಇಳಿಯಬಹುದಾ? ಎಚ್‌ಐವಿ? ಕೊಳದ ನೀರಿನಿಂದ ಗರ್ಭ?

ಇಳಿಯಬಹುದು, ಕಪ್ ಅಥವಾ ಟ್ಯಾಂಪನ್ ಇದ್ದರೆ. ಪ್ಯಾಡ್ ನೀರು ಹೀರಿಕೊಳ್ಳುತ್ತದೆ, ಅದು ಬೇಡ. ಎಚ್‌ಐವಿ ಹರಡುವುದಿಲ್ಲ. ಗರ್ಭವೂ ನಿಲ್ಲುವುದಿಲ್ಲ. ಮೂರನೆಯದನ್ನು ಕೇಳಿದವರು ಇಬ್ಬರು ಮಕ್ಕಳ ತಂದೆ, ಮಾರಾಯ್ರೇ.

ಕಿವಿಗೆ ನೀರು ಹೋದರೆ ಎಣ್ಣೆ ಬಿಡಬೇಕಾ?

ಬೇಡ. ಬೆಣೆ ಹಾಕಿದ ಹಾಗೆ ಹತ್ತಿ, ಕಡ್ಡಿ, ಬಡ್ ತುರುಕಲೂ ಬೇಡ. ತಲೆ ವಾಲಿಸಿ, ಕಿವಿಯ ಹಾಲೆ ಅತ್ತಿತ್ತ ಎಳೆದು ನೀರು ಇಳಿಸಿ, ಟವೆಲ್‌ನಿಂದ ಒರೆಸಿ. ಕಿವಿಯೊಳಗೆ ತೇವ ನಿಂತರೆ ಬ್ಯಾಕ್ಟೀರಿಯಾ ಬೆಳೆದು ಸೋಂಕಾಗುತ್ತದೆ. ಹಾಲೆ ಮುಟ್ಟಿದರೇ ನೋವು ಅನ್ನುವಂತಾದರೆ ಇಎನ್‌ಟಿ ಡಾಕ್ಟರ್.

ಗುತ್ತಿಗೆದಾರ ಬರಲಿಲ್ಲ. ಪಂಪ್ ರೂಮಿನಲ್ಲಿ ಎಲ್ಲ ಇದೆ, ನಾವೇ ಹಾಕಿಬಿಡೋಣವಾ?

ದಯವಿಟ್ಟು ಬೇಡ. ಹೈಪೋಗೆ ಆಸಿಡ್ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ. ಒಂದೇ ಬಕೆಟ್, ಒಂದೇ ಮಗ್ ಎರಡಕ್ಕೂ ಬಳಸಿದರೂ ಸಾಕು. ನಮ್ಮಂಥ ಕಟ್ಟಡಗಳಲ್ಲಿ ಪಂಪ್ ರೂಮ್ ನೆಲದಡಿಯಲ್ಲಿ, ಕಿಟಕಿ ಇಲ್ಲದೆ ಇರುತ್ತದೆ. ಆ ಅನಿಲ ಗಾಳಿಗಿಂತ ಭಾರ, ಅಲ್ಲೇ ನಿಲ್ಲುತ್ತದೆ. ಟಿಸಿಸಿಎ ಮತ್ತು ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಎರಡೂ ಬಿಳಿ ಪುಡಿ, ಎರಡೂ ‘ಕ್ಲೋರಿನ್’. ಆದರೆ ಒಂದಕ್ಕೊಂದು ಬೆರೆತರೆ ಬೆಂಕಿ ಹತ್ತಬಹುದು, ಸಿಡಿಯಬಹುದು. ಒಂದರ ಚಮಚ ಇನ್ನೊಂದರ ಡಬ್ಬಕ್ಕೆ ಹಾಕಬಾರದು.

ಬೆರೆಸುವಾಗ ಬಕೆಟ್ಟಿನ ನೀರಿಗೆ ಕೆಮಿಕಲ್ ಹಾಕಬೇಕು, ಕೆಮಿಕಲ್ ಮೇಲೆ ನೀರು ಸುರಿಯಬಾರದು. ಮಳೆಗಾಲದಲ್ಲಿ ಚೀಲ ನೆಲಕ್ಕೆ ಇಟ್ಟರೆ ತೇವ ಹಿಡಿಯುತ್ತದೆ, ಹಲಗೆಯ ಮೇಲೆ ಇಡಿ. ಕೆಲಸದ ಹುಡುಗನಿಗೆ ಗ್ಲೌಸ್, ಕನ್ನಡಕ, ಮಾಸ್ಕ್ ಕೊಡಿಸಿ. ಲೈಟು, ಕುರ್ಚಿಗೆ ಲಕ್ಷ ಖರ್ಚು ಮಾಡುವ ಸೊಸೈಟಿಗಳು ಇದಕ್ಕೆ ಜಿಪುಣತನ ಮಾಡುವುದನ್ನು ಕಂಡಿದ್ದೇನೆ.

ಗೋವಾದಲ್ಲಿ ಕೊಳ ಇರುವ ವಿಲ್ಲಾ ಬುಕ್ ಮಾಡಿದ್ದೇವೆ. ಇಳಿಯುವ ಮುಂಚೆ ಏನು ನೋಡಬೇಕು?

ಹುಬ್ಬಳ್ಳಿಯಿಂದ ಅಸ್ಸಗಾಂವ್‌ಗೆ ಹೊರಟಿದ್ದ ತಂಗಿಗೆ ಕಳಿಸಿದ್ದನ್ನೇ ಹಾಕುತ್ತೇನೆ. ಆಳದ ಕಡೆ ತಳದ ಜಾಲರಿ ಸ್ಪಷ್ಟ ಕಾಣಬೇಕು. ಒಳಗೋಡೆ ಮುಟ್ಟಿ ನೋಡು, ಲೋಳೆ ಇರಬಾರದು. ಘಾಟು ಇರಬಾರದು. ಪಂಪ್ ಓಡುತ್ತಿರಬೇಕು, ನೀರು ಬರುವ ತೂತಿಗೆ ಕೈ ಹಿಡಿದರೆ ತಳ್ಳುವುದು ಗೊತ್ತಾಗುತ್ತದೆ. ಕೊನೆಯ ಸಲ ಯಾವಾಗ ಕ್ಲೋರಿನ್ ನೋಡಿದ್ದು ಎಂದು ಕೇರ್‌ಟೇಕರ್‌ನನ್ನು ಕೇಳು. ತಡವರಿಸಿದರೆ ಅದೇ ಉತ್ತರ. ಟೆಸ್ಟ್ ಸ್ಟ್ರಿಪ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ಒಂದು ಡಬ್ಬಿ ಬ್ಯಾಗಿನಲ್ಲಿರಲಿ. ಅದ್ದಿ ನೋಡಿದಾಗ ಮುಕ್ತ ಕ್ಲೋರಿನ್ ಸೊನ್ನೆ ಬಂದರೆ ಮಕ್ಕಳನ್ನು ಬೀಚಿಗೆ ಕರೆದುಕೊಂಡು ಹೋಗು, ಅಲ್ಲಿ ಲೈಫ್‌ಗಾರ್ಡ್ ಇರುವ ಜಾಗ ನೋಡಿ ಇಳಿಸು.